ಮನೆಯಲ್ಲೇ ಕುಬರ್ನೆಟಿಸ್ ಲ್ಯಾಬ್: ಎರಡು ಮಿನಿ ಪಿಸಿ ಸಾಕಾ, ಮೂರು ಬೇಕಾ? (ದಾವಣಗೆರೆ)

ಮಂಡಕ್ಕಿ_ಮಿರ್ಚಿ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮನೆ ದಾವಣಗೆರೆ ವಿದ್ಯಾನಗರ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಸಪೋರ್ಟ್ ಕೆಲಸ ಮಾಡುತ್ತೇನೆ. ಡೆವ್‌ಆಪ್ಸ್ ಕಡೆ ಹೋಗಬೇಕು ಅಂತ ಎರಡು ವರ್ಷದಿಂದ ಆಸೆ. ಯಾವ ಇಂಟರ್‌ವ್ಯೂಗೆ ಕೂತರೂ ಕುಬರ್ನೆಟಿಸ್ ಕೇಳುತ್ತಾರೆ. ಹಲವು ಕಂಪ್ಯೂಟರನ್ನು ಕ್ಲಸ್ಟರ್ ಅನ್ನೋ ಒಂದೇ ಗುಂಪು ಮಾಡಿ ಅದರ ಮೇಲೆ ಆ್ಯಪ್ ಓಡಿಸುವ ಸಾಫ್ಟ್‌ವೇರ್ ಅದು. ಲ್ಯಾಪ್‌ಟಾಪಿನಲ್ಲಿ ಅದರ ಪುಟ್ಟ ರೂಪ ಮಿನಿಕ್ಯೂಬ್ ಹಾಕಿ ಆಡಿದ್ದೇನೆ. ಆದರೆ "ಒಂದು ನೋಡ್ (ಗುಂಪಿನ ಒಂದು ಕಂಪ್ಯೂಟರ್) ಸತ್ತರೆ ಏನಾಗುತ್ತದೆ?" ಅಂದ ಕೂಡಲೇ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತೇನೆ. ಕಣ್ಣಾರೆ ನೋಡಿಲ್ಲ ಅನ್ನೋದು ಎದುರಿಗಿರುವವರಿಗೆ ಗೊತ್ತಾಗಿಬಿಡುತ್ತದೆ.

ಬಜೆಟ್ 30 ಸಾವಿರ. ಕಂಪನಿಗಳು ಬಳಸಿ ಬಿಟ್ಟ ಮಿನಿ ಪಿಸಿ ಎರಡು ತಗೋಬೇಕು ಅಂತಿದ್ದೇನೆ, ಐ5 ಆರನೇ ತಲೆಮಾರು, 8 ಜಿಬಿ. ಒಂದು ಹೋದರೆ ಇನ್ನೊಂದು ಇರುತ್ತದೆ ಅಲ್ವಾ? ಜಾಗ ಅಂದ್ರೆ ಅಟ್ಟ, ಮೇಲೆ ಶೀಟು. ಕರೆಂಟ್ ವಿಷಯ ನಿಮಗೇ ಗೊತ್ತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಬೆಣ್ಣೆ_ಬೈಟ್ · 9:46

30 ಸಾವಿರಕ್ಕೆ ಎಷ್ಟು ಬೆಣ್ಣೆ ದೋಸೆ ಬರುತ್ತದೆ ಅಂತ ಲೆಕ್ಕ ಹಾಕಿದೆ. ಬೇಡ ಬಿಡು ಗುರು.

ಕಂಪೋಸ್_ಸಾಕು · 9:58

ಮನೆಗೆ ಕುಬರ್ನೆಟಿಸ್ ಯಾಕೆ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ನನ್ನ ಹತ್ರ ಒಂದೇ ಪಿಸಿ, ಏನೇನು ಓಡಬೇಕು ಅಂತ ಬರೆದ ಒಂದೇ ಡಾಕರ್ ಕಂಪೋಸ್ ಫೈಲು, ಹದಿನಾಲ್ಕು ಕಂಟೇನರ್ (ಬೇಕಾದ್ದೆಲ್ಲ ಜೊತೆಗೇ ಕಟ್ಟಿಕೊಂಡ ಆ್ಯಪ್). ಮೂರು ವರ್ಷ ಆಯ್ತು. ಫೈಲು ಒಂದು ಪುಟ ದಾಟಿಲ್ಲ. ನೀವು ಒಂದು ವೆಬ್‌ಸೈಟ್ ಏಳಿಸೋಕೆ ಡಿಪ್ಲಾಯ್‌ಮೆಂಟ್, ಸರ್ವಿಸ್, ಇಂಗ್ರೆಸ್ ಅಂತ ಮೂರು ಯಾಮಲ್ (ಸೆಟ್ಟಿಂಗ್ ಫೈಲು) ಬರೆದು, ಸ್ಪೇಸ್ ಒಂದು ಜಾಸ್ತಿ ಆಯ್ತು ಅಂತ ರಾತ್ರಿಯೆಲ್ಲ ಹುಡುಕುತ್ತಾ ಕೂರುತ್ತೀರಿ.

ಟರ್ಮಿನಲ್_ಅಕ್ಕ · 10:15

ಕಂಪೋಸ್ ಅವರೇ, ಅವರಿಗೆ ಮನೆಯಲ್ಲಿ ವೆಬ್‌ಸೈಟ್ ಬೇಕಾಗಿಲ್ಲ. ಕೆಲಸ ಬೇಕು. ಎರಡೂ ಬೇರೆ.

ಮಂಡಕ್ಕಿ, ಎರಡು ಮಾತ್ರ ಬೇಡ. ಒಂದು ತಗೊಳ್ಳಿ, ಇಲ್ಲ ಮೂರು ತಗೊಳ್ಳಿ. ಯಾಕೆ ಅಂತ ಹೇಳುತ್ತೇನೆ. ಕ್ಲಸ್ಟರಿನ ನೆನಪೆಲ್ಲ ಇಟಿಸಿಡಿ ಅನ್ನೋ ಡೇಟಾಬೇಸಿನಲ್ಲಿ ಇರುತ್ತದೆ. ಏನೇ ಬರೆಯಬೇಕಾದರೂ ಅರ್ಧಕ್ಕಿಂತ ಹೆಚ್ಚು ಜನ ಹೂಂ ಅನ್ನಬೇಕು. ಪಂಚಾಯ್ತಿ ಕಟ್ಟೆ ಅಂದುಕೊಳ್ಳಿ. ಮೂರು ಜನರಲ್ಲಿ ಇಬ್ಬರು ಸಾಕು, ಹಾಗಾಗಿ ಒಬ್ಬರು ಮಲಗಿದರೂ ನಡೆಯುತ್ತದೆ. ಐದರಲ್ಲಿ ಮೂರು ಸಾಕು, ಇಬ್ಬರು ಮಲಗಬಹುದು. ಇಬ್ಬರೇ ಇದ್ದರೆ ಅರ್ಧಕ್ಕಿಂತ ಹೆಚ್ಚು ಅಂದ್ರೆ ಇಬ್ಬರೂ! ಒಬ್ಬರು ಎದ್ದು ಹೋದರೆ ಸಭೆ ಬರ್ಖಾಸ್ತು. ಅಂದ್ರೆ ಎರಡು ಸರ್ವರ್ ಇಟ್ಟಾಗ ಕೆಡುವ ಸಾಧ್ಯತೆ ಒಂದಕ್ಕಿಂತ ಜಾಸ್ತಿಯೇ. ನಾಲ್ಕು ಇಟ್ಟರೂ ಮೂರಕ್ಕಿಂತ ಲಾಭ ಇಲ್ಲ.

ಹಳೇ_ಅಡ್ಮಿನ್ · 10:31

ಅಕ್ಕ ಹೇಳಿದ್ದು ಸರಿ, ಒಂದು ತಿದ್ದುಪಡಿ. ಕೆ3ಎಸ್ ಅನ್ನೋ ಹಗುರ ಕುಬರ್ನೆಟಿಸ್ ಆದರೆ ಎರಡು ಸರ್ವರ್ ಇಟ್ಟು ಡೇಟಾಬೇಸನ್ನು ಹೊರಗೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್‌ನಲ್ಲಿ ಇಡಬಹುದು. ಆಗ ಪಂಚಾಯ್ತಿ ಬೇಕಿಲ್ಲ. ಆದರೆ ಆ ಡೇಟಾಬೇಸ್ ಎಲ್ಲಿ ಓಡಿಸ್ತೀಯ ತಮ್ಮ? ಮೂರನೇ ಮಷೀನಿನಲ್ಲಿ. ಸುತ್ತಿ ಬಳಸಿ ಅಲ್ಲಿಗೇ ಬಂದೆವು.

ನನ್ನ ಸಲಹೆ: ಕೆ3ಎಸ್ ಹಾಕು. ಒಂದೇ ಬೈನರಿ, 100 ಎಂಬಿ ಒಳಗೆ. ಮೊದಲು ಒಂದು ಸರ್ವರ್ (ಮೇಲ್ವಿಚಾರಣೆ ಮಾಡುವ ಮಷೀನ್), ಎರಡು ಏಜೆಂಟ್ (ಹೇಳಿದ ಕೆಲಸ ಓಡಿಸುವ ಮಷೀನ್). ಸರ್ವರ್ ಒಂದೇ ಇದ್ದಾಗ ಅದು ಸುಮ್ನೆ ಎಸ್‌ಕ್ಯೂಲೈಟ್ ಫೈಲಿನಲ್ಲಿ ಎಲ್ಲ ಬರೆದಿಡುತ್ತದೆ. ಕೈ ಕುದುರಿದ ಮೇಲೆ ಎಲ್ಲ ಅಳಿಸಿ ಮೂರೂ ಸರ್ವರ್ ಮಾಡು. ಅಳಿಸೋಕೆ ಹೆದರಬೇಡ, ಲ್ಯಾಬ್ ಇರೋದೇ ಅಳಿಸೋಕೆ.

ಮಿನಿ ಪಿಸಿಯನ್ನು ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ನೋಡು. ಅಂಗಡಿಯಲ್ಲೇ ಆನ್ ಮಾಡಿಸು. ಬಯೋಸ್‌ಗೆ (ಮಷೀನ್ ಏಳುವಾಗಿನ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಹಾಕಿದ್ದಾರಾ ನೋಡು. ಅದೇ ಕಂಪನಿಯ ಚಾರ್ಜರ್ ಕೇಳಿ ಇಸ್ಕೋ. ನಾನು ಅದೊಂದು ಮರೆತು 260 ಕಿಲೋಮೀಟರ್ ವಾಪಸ್ ಬಂದಿದ್ದೇನೆ.

ಹರಿಹರದ_ಪೈ · 10:50

ನಾನು ರಾಸ್ಪ್‌ಬೆರಿ ಪೈ 4 (ಅಂಗೈ ಅಗಲದ ಕಂಪ್ಯೂಟರ್) ಮೂರು ಇಟ್ಟಿದ್ದೆ. ನೋಡೋಕೆ ಚೆಂದ, ಪುಟ್ಟ ಗೋಪುರದ ಹಾಗೆ ಒಂದರ ಮೇಲೊಂದು. ಮೊದಲನೇ ವರ್ಷದಲ್ಲೇ ಎರಡು ಎಸ್‌ಡಿ ಕಾರ್ಡ್ ಸತ್ತವು. ಇಟಿಸಿಡಿ ಪ್ರತಿ ಸಲ ಬರೆದಾಗಲೂ ಡಿಸ್ಕಿಗೆ ಮುಟ್ಟಿತಾ ಅಂತ ಕಾಯುತ್ತದೆ. ಕಾರ್ಡಿಗೆ ಆ ತಾಕತ್ತಿಲ್ಲ. ಎಸ್‌ಎಸ್‌ಡಿ ಬೇಕೇ ಬೇಕು.

ಇನ್ನೊಂದು ವಿಚಿತ್ರ ಕೇಳಿ. ಒಂದು ದಿನ ಮಳೆ, ಕರೆಂಟ್ ಹೋಗಿ ಬಂತು, ಇಂಟರ್ನೆಟ್ ಮಾತ್ರ ಬರಲಿಲ್ಲ. ಪೈಗಳು ಎದ್ದವು, ಕ್ಲಸ್ಟರ್ ಏಳಲಿಲ್ಲ. ಲಾಗ್ ನೋಡಿದರೆ ಮಷೀನುಗಳು ಒಂದನ್ನೊಂದು ಗುರುತಿಸುವ ಸರ್ಟಿಫಿಕೇಟ್ "ಇನ್ನೂ ಚಾಲ್ತಿಗೆ ಬಂದಿಲ್ಲ" ಅಂತ ಇದೆ. ಅವಧಿ ಮುಗಿದಿದೆ ಅಂತಲ್ಲ, ಇನ್ನೂ ಶುರುವೇ ಆಗಿಲ್ಲವಂತೆ! ಒಂದು ಗಂಟೆ ತಲೆ ಕೆರೆದುಕೊಂಡೆ. ಡೇಟ್ ಕಮಾಂಡ್ ಹೊಡೆದರೆ ಹಳೇ ತಾರೀಖು. ಪೈ 4ರಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಇಂಟರ್ನೆಟ್ಟಿನಿಂದ ಟೈಮ್ ಕೇಳಿಕೊಂಡರೇನೇ ಅದಕ್ಕೆ ಇವತ್ತು ಯಾವ ದಿನ ಅಂತ ಗೊತ್ತಾಗೋದು. ನಿನ್ನೆ ಹುಟ್ಟಿದ ಸರ್ಟಿಫಿಕೇಟು ಅದರ ಲೆಕ್ಕದಲ್ಲಿ ನಾಳೆಯದು.

ಅಂದ ಹಾಗೆ ಕುಬರ್ನೆಟಿಸ್ ಅಂದ್ರೆ ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವವ. ತುಂಗಭದ್ರೆ ದಡದವರ ಮಾತಿನಲ್ಲಿ ಅಂಬಿಗ.

ಕೋಟೆ_ಹುಡುಗ · 10:57

ಅದರ ಲೋಗೋದ ಚಕ್ರಕ್ಕೆ ಏಳು ಕಡ್ಡಿ. ನಮ್ಮ ಕೋಟೆಗೆ ಏಳು ಸುತ್ತು. ಚಿತ್ರದುರ್ಗದವರೇ ಮಾಡಿದ್ದು ಅಂತ ನನ್ನ ವಾದ.

ಬೆಣ್ಣೆ_ಬೈಟ್ · 10:59

1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯೇ ಅಣ್ಣ. ಅರ್ಧ ಪಾಲು ನಮಗೂ ಕೊಡು.

ವೈರಿಂಗ್_ಮೇಸ್ತ್ರಿ · ಭಾನುವಾರ ಬೆಳಿಗ್ಗೆ 7:20

ಕಂಪ್ಯೂಟರ್ ಒಳಗಿನದು ನನಗೆ ಗೊತ್ತಿಲ್ಲ, ಹೊರಗಿನದು ಹೇಳುತ್ತೇನೆ. ಮನೆಯಲ್ಲಿ ಇನ್ವರ್ಟರ್ ಇದೆಯಾ? ಇದ್ದರೆ ಅದರ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್ ಅಂತ. ಎಷ್ಟೋ ಮನೆಯಲ್ಲಿ ನಾರ್ಮಲ್‌ನಲ್ಲೇ ಬಿಟ್ಟಿರುತ್ತಾರೆ. ಫ್ಯಾನು, ಲೈಟಿಗೆ ಅದು ಸಾಕು. ಆದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋದು ನಿಧಾನ. ಕಂಪ್ಯೂಟರ್ ಅಷ್ಟರಲ್ಲಿ ರೀಸ್ಟಾರ್ಟ್ ಆಗಿಬಿಡುತ್ತದೆ. ಯುಪಿಎಸ್ ಕಡೆ ಹಾಕಿ. ಹಾಗೆ ಹಾಕಿದಾಗ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಪದೇ ಪದೇ ಟಕ್ ಟಕ್ ಅನ್ನುತ್ತದೆ. ಹೆದರಬೇಡಿ.

ರೂಟರಿಗೆ ಬೇರೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಅದನ್ನೂ ಹಾಕಿ. ಎಲ್ಲರೂ ಅದನ್ನೇ ಮರೆಯೋದು.

ಅಟ್ಟ ಬೇಡ. ಶೀಟಿನ ಕೆಳಗೆ ಏಪ್ರಿಲ್‌ನಲ್ಲಿ ಕೈ ಇಡೋಕಾಗಲ್ಲ. ಜೊತೆಗೆ ಹಲ್ಲಿ. ಬೆಚ್ಚಗಿರುವ ಜಾಗ ಅಂದ್ರೆ ಅವಕ್ಕೆ ಪ್ರೀತಿ. ನಾನು ಬಿಚ್ಚಿದ ಒಂದು ಪವರ್ ಸಪ್ಲೈ ಒಳಗೆ ಹಲ್ಲಿ ಎರಡು ಕಡ್ಡಿಗೂ ಕಾಲು ಕೊಟ್ಟು ಹಪ್ಪಳ ಆಗಿತ್ತು.

ಮಂಡಕ್ಕಿ_ಮಿರ್ಚಿ · 9:05

ಮೇಸ್ತ್ರಿಗಳೇ, ಈಗಷ್ಟೇ ಹೋಗಿ ನೋಡಿದೆ. ಸ್ವಿಚ್ಚಿನ ಮೇಲೆ ಎರಡು ಬೆರಳು ಧೂಳು. ನಾರ್ಮಲ್‌ನಲ್ಲೇ ಇತ್ತು! ನಾಲ್ಕು ವರ್ಷದಿಂದ ಕರೆಂಟ್ ಹೋದಾಗಲೆಲ್ಲ ನನ್ನ ಡೆಸ್ಕ್‌ಟಾಪ್ ಯಾಕೆ ಸಾಯುತ್ತಿತ್ತು ಅಂತ ಇವತ್ತು ಗೊತ್ತಾಯ್ತು.

ಮೂರೇ ತಗೊಳ್ಳುತ್ತೇನೆ, ಅಟ್ಟ ಬಿಟ್ಟು ಶೋಕೇಸಿನ ಕೆಳಗಿನ ಖಾನೆ. ಈಗ ಅಪ್ಪನ ಪ್ರಶ್ನೆ. ನಮ್ಮದು ಗೃಹಜ್ಯೋತಿ, ಈಗ ಬಿಲ್ ಸೊನ್ನೆ. ಆ ಸೊನ್ನೆ ಹೋದರೆ ಮನೆಯಲ್ಲಿ ನಾನೂ ಇರಲ್ಲ.

ಹಳೇ_ಅಡ್ಮಿನ್ · 9:40

ಲೆಕ್ಕ ಹಾಕೋಣ ತಮ್ಮ. ನನ್ನ ಮೂರು ಮಿನಿ ಪಿಸಿ, ಅವನ್ನು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್ ಸೇರಿ ಪ್ಲಗ್ ಮೀಟರಿನಲ್ಲಿ 44 ವಾಟ್ ತೋರಿಸುತ್ತದೆ, ಕೆಲಸ ಇಲ್ಲದೆ ಸುಮ್ನೆ ಇದ್ದಾಗ. ಹಳೇ ಸೀಲಿಂಗ್ ಫ್ಯಾನ್ ಒಂದೇ 75 ವಾಟ್ ತಿನ್ನುತ್ತದೆ. 44 ವಾಟ್ ತಿಂಗಳಿಡೀ ಓಡಿದರೆ ಸುಮಾರು 32 ಯೂನಿಟ್.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಇಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿದ್ದಾರೆ. ಬಿಲ್ಲಿನಲ್ಲೇ ಇದೆ, ನೋಡು. ಮಿತಿ ದಾಟಿದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮದು ಈಗ 120 ಇದ್ದರೆ ಚಿಂತೆಯಿಲ್ಲ, ಇನ್ನೂರು ಮುನ್ನೂರು ರೂಪಾಯಿ ವಿಷಯ. 180 ಇದ್ದರೆ ಮಾತ್ರ ಕಲಿಯುವ ಹೊತ್ತು ಬಿಟ್ಟು ಉಳಿದಾಗ ಮೂರನ್ನೂ ಆಫ್ ಮಾಡಿಡು.

ಕಂಪೋಸ್_ಸಾಕು · 9:52

ಒಂದೇ ಪಿಸಿ ಆದರೆ 12 ವಾಟ್. ಹೇಳಿದೆ ಅಷ್ಟೇ.

ಫೈನಲ್_ಇಯರ್ · 11:10

ಸರ್, ನಾನು ಇಲ್ಲೇ ಇಂಜಿನಿಯರಿಂಗ್ ಕೊನೇ ವರ್ಷ. 30 ಸಾವಿರ ಇಲ್ಲ, 3 ಸಾವಿರವೂ ಇಲ್ಲ. ಎರಡು ಹಳೇ ಲ್ಯಾಪ್‌ಟಾಪ್ ಇವೆ, ಒಂದರ ಸ್ಕ್ರೀನ್ ಒಡೆದಿದೆ. ನಡೆಯುತ್ತಾ? ಇನ್ನೊಂದು, ಕುಬರ್ನೆಟಿಸ್‌ನಿಂದ ಡಾಕರ್ ತೆಗೆದುಹಾಕಿದ್ದಾರೆ, ಡಾಕರ್ ಕಲಿಯೋದು ವೇಸ್ಟ್ ಅಂತ ಸೀನಿಯರ್ ಒಬ್ಬರು ಹೇಳಿದರು.

ಟರ್ಮಿನಲ್_ಅಕ್ಕ · 11:34

ಸೀನಿಯರ್ ಅರ್ಧ ಕೇಳಿಸಿಕೊಂಡಿದ್ದಾರೆ. 2022ರಲ್ಲಿ ಬಂದ 1.24 ಆವೃತ್ತಿಯಲ್ಲಿ ತೆಗೆದದ್ದು ಡಾಕರ್‌ಶಿಮ್ ಅನ್ನೋ ಒಂದು ಕೊಂಡಿ ಮಾತ್ರ. ನೀನು ಡಾಕರ್‌ನಲ್ಲಿ ಕಟ್ಟಿದ ಇಮೇಜ್ (ಕಂಟೇನರಿನ ಅಚ್ಚು) ಇವತ್ತಿಗೂ ಆರಾಮಾಗಿ ಓಡುತ್ತದೆ. ಈಗ ಒಳಗೆ ಓಡಿಸುವ ಕಂಟೇನರ್‌ಡಿ ಕೂಡ ಡಾಕರ್ ಮನೆಯಿಂದಲೇ ಬಂದದ್ದು.

ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತದೆ. ಸ್ಕ್ರೀನ್ ಒಡೆದಿದ್ದರೆ ಏನು, ಎಸ್‌ಎಸ್‌ಎಚ್‌ನಲ್ಲಿ ಬೇರೆ ಕಂಪ್ಯೂಟರಿನಿಂದ ಒಳಗೆ ಹೋಗೋಕೆ ಸ್ಕ್ರೀನ್ ಬೇಡ. ಒಂದು ಸರ್ವರ್, ಒಂದು ಏಜೆಂಟ್ ಮಾಡು. ಬ್ಯಾಟರಿ ಇರೋದರಿಂದ ಯುಪಿಎಸ್ ಪುಕ್ಕಟೆ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದ ಹಾಗೆ ಲಾಗಿನ್‌ಡಿ ಸೆಟ್ಟಿಂಗ್ ಬದಲಿಸು. ಕುಬರ್ನೆಟಿಸ್ಸನ್ನು ಕ್ಯೂಬ್‌ಎಡಿಎಂ ಅನ್ನೋ ಟೂಲಿನಿಂದ ಹಾಕಿದರೆ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್ ಬಳಸೋದು) ಆಫ್ ಮಾಡು, ಇಲ್ಲದಿದ್ದರೆ ನೋಡ್ ನೋಡಿಕೊಳ್ಳುವ ಕ್ಯೂಬ್‌ಲೆಟ್ ಮಾಮೂಲಿ ಸೆಟ್ಟಿಂಗಿನಲ್ಲಿ ಏಳಲ್ಲ. ಬ್ಯಾಟರಿ ಉಬ್ಬಿದೆಯಾ ಅಂತ ತಿಂಗಳಿಗೊಮ್ಮೆ ಕೈ ಸವರಿ ನೋಡು. ಉಬ್ಬಿದ್ದರೆ ತೆಗೆದುಬಿಡು, ನಾಳೆ ಅಂತ ಬಿಡಬೇಡ.

ಫೈನಲ್_ಇಯರ್ · 11:41

ಥ್ಯಾಂಕ್ಸ್ ಅಕ್ಕ. ಪಾಡ್ ಅಂದ್ರೆ ಏನು ಅಂತ ಒಂದು ಸಾಲಿನಲ್ಲಿ ಹೇಳ್ತೀರಾ? ಪುಸ್ತಕದ್ದು ತಲೆಗೆ ಹೋಗುತ್ತಿಲ್ಲ.

ಬೆಣ್ಣೆ_ಬೈಟ್ · 11:50

ನಾನು ಹೇಳ್ತೀನಿ. ಹೋಟೆಲ್ ಓನರ್ ಗಲ್ಲಾದಲ್ಲಿ ಕೂತು "ಕಾವಲಿ ಮೇಲೆ ಯಾವಾಗಲೂ ಆರು ದೋಸೆ ಇರಬೇಕು" ಅನ್ನುತ್ತಾನೆ. ಅಷ್ಟೇ ಅವನ ಮಾತು. ಹೇಗೆ, ಯಾವಾಗ ಅಂತ ಹೇಳಲ್ಲ. ಭಟ್ಟರು ಎಣಿಸುತ್ತಾ ಇರುತ್ತಾರೆ. ಐದಾಯ್ತಾ, ಒಂದು ಹುಯ್ಯಿ. ಏಳಾಯ್ತಾ, ಒಂದು ತೆಗಿ. ದೋಸೆ ಅಂದ್ರೆ ಪಾಡ್. ಸೀದು ಹೋದರೆ ಯಾರೂ ರಿಪೇರಿ ಮಾಡಲ್ಲ, ಪಕ್ಕಕ್ಕೆ ಎಸೆದು ಹೊಸದು ಹುಯ್ಯುತ್ತಾರೆ. ಒಂದು ಕಾವಲಿ ತಣ್ಣಗಾದರೆ ಪಕ್ಕದ ಕಾವಲಿಯಲ್ಲಿ ಹುಯ್ಯುತ್ತಾರೆ. ಕಾವಲಿ ಅಂದ್ರೆ ನೋಡ್.

ಹಳೇ_ಅಡ್ಮಿನ್ · 11:58

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಹರಿಹರದ_ಪೈ · 12:05

ಹಿಟ್ಟು ಒಂದೇ ಕಾವಲಿ ಹತ್ರ ಇದ್ದರೆ? ಪಕ್ಕದ ಕಾವಲಿ ಬಿಸಿ ಇದ್ದು ಏನು ಪ್ರಯೋಜನ? ಸ್ಟೋರೇಜ್ ಅನ್ನೋ ತಲೆನೋವು ಅದೇ. ಮಂಡಕ್ಕಿ ಅವರೇ, ಇದನ್ನು ನೆನಪಿಟ್ಟುಕೊಳ್ಳಿ.

ಕೋಟೆ_ಹುಡುಗ · 12:12

ಹಿಟ್ಟಿಗೆ ಮಂಡಕ್ಕಿ ಹಾಕಲೇಬೇಕಾ, ಅದು ಹೇಳಿ ಮೊದಲು. ನಮ್ಮ ಮನೆಯಲ್ಲಿ ಜಗಳ ನಡೀತಿದೆ.

ಬೆಣ್ಣೆ_ಬೈಟ್ · 12:13

ಹಾಕಬೇಕು. ಸೌದೆ ಒಲೆಯೂ ಬೇಕು. ಸಾಂಬಾರ್ ಕೇಳಿದರೆ ಊರು ಬಿಡಿಸುತ್ತೇವೆ.

ಕೋಟೆ_ಹುಡುಗ · 12:30

ಸರಿ, ವಿಷಯಕ್ಕೆ ಬರ್ತೀನಿ. ಹೊರಗಿನಿಂದ ಲ್ಯಾಬ್ ತಲುಪಬೇಕು ಅಂತ ರೂಟರಿನಲ್ಲಿ ಪೋರ್ಟ್ ತೆರೆಯೋಕೆ ಹೋಗಬೇಡಿ. ಮೊದಲು ರೂಟರಿನ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿ ನ್ಯಾಟ್ ಹಿಂದೆ ಇದ್ದೀರಿ. ಓಣಿಗೆಲ್ಲ ಒಂದೇ ಹೊರಬಾಗಿಲು ಅಂದ ಹಾಗೆ. ಎಷ್ಟು ಪೋರ್ಟ್ ತೆರೆದರೂ ಯಾರೂ ಒಳಗೆ ಬರಲ್ಲ. ಟೇಲ್‌ಸ್ಕೇಲ್ ಅಥವಾ ಕ್ಲೌಡ್‌ಫ್ಲೇರ್ ಟನಲ್ ಹಾಕಿಕೊಳ್ಳಿ, ಒಳಗಿನಿಂದಲೇ ಹೊರಗೆ ದಾರಿ ಮಾಡುತ್ತವೆ.

ಒಂದು ವೇಳೆ ನಿಜವಾದ ಐಪಿ ಸಿಕ್ಕಿದರೂ 6443 ಪೋರ್ಟ್ ಹೊರಗೆ ಬಿಡಬೇಡಿ. ಕುಬರ್ನೆಟಿಸ್‌ನ ಹೆಬ್ಬಾಗಿಲು ಅದು. ಕಿಂಡಿ ತೆರೆದಿಟ್ಟರೆ ಪಕ್ಕದಲ್ಲಿ ಒನಕೆ ಹಿಡಿದು ಓಬವ್ವ ನಿಂತಿರಬೇಕು. ನಿಮ್ಮ ಅಟ್ಟದಲ್ಲಿ ಇದ್ದಾರಾ?

ಮಂಡಕ್ಕಿ_ಮಿರ್ಚಿ · ಮೂರು ವಾರದ ನಂತರ, ಭಾನುವಾರ ಸಂಜೆ 5:15

ಅಪ್‌ಡೇಟ್ ಕೊಡುತ್ತೇನೆ, ಉದ್ದ ಇದೆ.

ಮೂರು ಮಿನಿ ಪಿಸಿ ಬಂದವು, ತಲಾ 9,500. ಚಾರ್ಜರ್ ಕೇಳಿ ಇಸ್ಕೊಂಡೆ ಸರ್. ಸ್ವಿಚ್, ಕೇಬಲ್ ಸೇರಿ ಬಜೆಟ್‌ಗಿಂತ ಎರಡು ಸಾವಿರ ಜಾಸ್ತಿ ಆಯ್ತು. ಅಪ್ಪನಿಗೆ ಹೇಳಿದೆ. "ಬಾಡಿಗೆ ಕೊಡುತ್ತವಾ ಇವು?" ಅಂದರು. ಆಮೇಲೆ ಸುಮ್ಮನಾದರು.

ಒಂದು ಸರ್ವರ್, ಎರಡು ಏಜೆಂಟ್. ವೆಬ್‌ಸೈಟ್ ಒಂದು ಹಾಕಿದೆ, ಒಂದೇ ಪಾಡ್. ಜೊತೆಗೆ ಫೋಟೋ ಇಡೋಕೆ ಇಮ್ಮಿಚ್ ಹಾಕಿ ಅಮ್ಮನ ಫೋನಿನ ಫೋಟೋ ಎಲ್ಲ ತುಂಬಿಸಿದೆ. ನಿನ್ನೆ ರಾತ್ರಿ ಧೈರ್ಯ ಮಾಡಿ, ಎರಡೂ ಪಾಡ್ ಇದ್ದ ಏಜೆಂಟಿನ ವೈರ್ ಕಿತ್ತೆ.

ಏನೂ ಆಗಲಿಲ್ಲ. ಮುಕ್ಕಾಲು ನಿಮಿಷ ಆದ ಮೇಲೆ ನೋಡ್ ಮುಂದೆ "ನಾಟ್ ರೆಡಿ" ಅಂತ ಬಂತು. ಪಾಡ್ ಮಾತ್ರ ಇನ್ನೂ "ರನ್ನಿಂಗ್" ಅಂತಲೇ ಇದೆ. ವೈರ್ ನನ್ನ ಕೈಯಲ್ಲಿದೆ, ಅದು ಓಡುತ್ತಿದೆ ಅನ್ನುತ್ತಿದೆ! ಒಂದು ನಿಮಿಷ, ಎರಡು, ಮೂರು. ನಾನೇ ಏನೋ ಹಾಳು ಮಾಡಿದೆ ಅಂದುಕೊಂಡು ವೈರ್ ವಾಪಸ್ ಚುಚ್ಚೋಕೆ ಹೋದೆ. ಅಷ್ಟರಲ್ಲಿ ಐದು ನಿಮಿಷ ಚಿಲ್ಲರೆಗೆ ಹಳೇದು "ಟರ್ಮಿನೇಟಿಂಗ್", ಹೊಸದು ಪಕ್ಕದ ನೋಡಿನಲ್ಲಿ ಎದ್ದಿತು. ಎಲ್ಲ ಪುಸ್ತಕದಲ್ಲೂ "ತಾನಾಗಿಯೇ ಬೇರೆ ಕಡೆ ಏಳುತ್ತದೆ" ಅಂತ ಇದೆ. ಆ ಐದು ನಿಮಿಷದ ಎದೆಬಡಿತ ಯಾರೂ ಬರೆದಿಲ್ಲ.

ಅಮ್ಮನ ಫೋಟೋ ಪಾಡ್ ಮಾತ್ರ ಏಳಲೇ ಇಲ್ಲ. "ಪೆಂಡಿಂಗ್" ಅಂತ ಕೂತಿತು. ಅಷ್ಟು ಹೊತ್ತಿಗೆ ಅಮ್ಮ ಒಳಗಿನಿಂದ "ದುಗ್ಗಮ್ಮನ ಜಾತ್ರೆ ಫೋಟೋ ಕಾಣ್ತಿಲ್ವಲ್ಲೋ" ಅಂದರು.

ಟರ್ಮಿನಲ್_ಅಕ್ಕ · 5:40

ಐದು ನಿಮಿಷ ಅನ್ನೋದು ಸುಮ್ನೆ ಅಲ್ಲ. ಡೀಫಾಲ್ಟ್ 300 ಸೆಕೆಂಡ್ ಕಾಯುತ್ತದೆ. ನೋಡ್ ಸತ್ತಿದೆಯೋ ಅಥವಾ ಕೇಬಲ್ ಮಾತ್ರ ಕಿತ್ತಿದೆಯೋ ಅದಕ್ಕೆ ಗೊತ್ತಾಗಲ್ಲ. ಅವಸರ ಮಾಡಿದರೆ ಎರಡು ಕಡೆ ಒಂದೇ ಕೆಲಸ ಓಡಿ ಡೇಟಾ ಕೆಡಬಹುದು. ಪಾಡಿನ ಟಾಲರೇಷನ್ ಅನ್ನೋ ಸೆಟ್ಟಿಂಗಿನಲ್ಲಿ 30 ಸೆಕೆಂಡ್ ಅಂತ ಕೊಟ್ಟು ನೋಡಿ.

ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿ. ವೈರ್ ಕೈಯಲ್ಲಿ ಹಿಡಿದು ನಿಂತದ್ದೂ ಸೇರಿಸಿ.

ಹರಿಹರದ_ಪೈ · 5:52

ಹಿಟ್ಟು ಒಂದೇ ಕಾವಲಿ ಹತ್ರ! ಹೇಳಿದ್ದೆ ಅಲ್ವಾ? ಕೆ3ಎಸ್ ಜೊತೆ ಬರುವ ಲೋಕಲ್ ಪಾತ್ ಸ್ಟೋರೇಜ್ ಫೋಟೋಗಳನ್ನು ಆ ಮಷೀನಿನ ಡಿಸ್ಕಿನಲ್ಲೇ ಇಡುತ್ತದೆ. ಪಾಡ್ ಅದನ್ನು ಬಿಟ್ಟು ಬೇರೆ ಕಡೆ ಹೋಗೋ ಹಾಗಿಲ್ಲ. ಲಾಂಗ್‌ಹಾರ್ನ್ ಅನ್ನೋ ಸ್ಟೋರೇಜ್ ಹಾಕಿದರೆ ಎರಡು ಮೂರು ನೋಡಿನಲ್ಲಿ ಪ್ರತಿ ಇಡುತ್ತದೆ.

ಹಳೇ_ಅಡ್ಮಿನ್ · 6:03

ಪ್ರತಿ ಬೇರೆ, ಬ್ಯಾಕಪ್ ಬೇರೆ ತಮ್ಮ. ತಪ್ಪಾಗಿ ಅಳಿಸಿದರೆ ಮೂರೂ ಕಡೆ ಒಟ್ಟಿಗೇ ಅಳಿಸಿ ಹೋಗುತ್ತದೆ. ಅಮ್ಮನ ಫೋಟೋವನ್ನು ಇವತ್ತೇ ಒಂದು ಹೊರಗಿನ ಡಿಸ್ಕಿಗೆ ಹಾಕಿಡು. ಆಮೇಲೆ ಏನು ಬೇಕಾದರೂ ಕಿತ್ತು ಆಡು.

ಕಂಪೋಸ್_ಸಾಕು · 6:10

ನಮ್ಮ ಮನೆಯಲ್ಲಿ ಜಾತ್ರೆ ಫೋಟೋ ಕಾಣುತ್ತಿವೆ.

ಮಂಡಕ್ಕಿ_ಮಿರ್ಚಿ · 6:25

ಕಂಪೋಸ್ ಅಣ್ಣ, ಇವತ್ತು ನೀವು ಗೆದ್ದಿರಿ.

ಇನ್ವರ್ಟರಿಗೆ ಕಂಪ್ಯೂಟರ್ ಜೊತೆ ಮಾತಾಡೋ ತಂತಿ ಇಲ್ಲ. ಬ್ಯಾಟರಿ ಖಾಲಿ ಆಗುವ ಮುಂಚೆ ಮೂರನ್ನೂ ನೀಟಾಗಿ ಮಲಗಿಸೋದು ಹೇಗೆ?

ಹಳೇ_ಅಡ್ಮಿನ್ · 6:38

ಹಳೇ ರೂಟರ್ ಒಂದಿದ್ದರೆ ಇನ್ವರ್ಟರ್ ಇಲ್ಲದ ಪ್ಲಗ್ಗಿಗೆ ಹಾಕು, ನೇರ ಲೈನ್. ಅದನ್ನೂ ನಿನ್ನ ನೆಟ್‌ವರ್ಕ್ ಸ್ವಿಚ್ಚಿಗೆ ಸೇರಿಸು. ಸರ್ವರಿನಿಂದ ನಿಮಿಷಕ್ಕೊಮ್ಮೆ ಅದಕ್ಕೆ ಪಿಂಗ್ ಮಾಡು, ಇದ್ದೀಯಾ ಅಂತ ಕೇಳಿದ ಹಾಗೆ. ಹದಿನೈದು ನಿಮಿಷ ಉತ್ತರ ಬರಲಿಲ್ಲ ಅಂದ್ರೆ ಕರೆಂಟ್ ಇಲ್ಲ. ಮೊದಲು ಏಜೆಂಟ್, ಕೊನೆಗೆ ಸರ್ವರ್ ಶಟ್‌ಡೌನ್. ಮೂರರ ಬಯೋಸ್‌ನಲ್ಲೂ ಕರೆಂಟ್ ಬಂದ ಕೂಡಲೇ ಆನ್ ಆಗುವ ಹಾಗೆ ಇಡು. ಬ್ಯಾಟರಿ ಪೂರ್ತಿ ಖಾಲಿ ಆಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಮಷೀನಿಗೆ ಕರೆಂಟ್ ಹೋದದ್ದೇ ಗೊತ್ತಿರಲ್ಲ, ಬಟನ್ ಒತ್ತಿ ಎಬ್ಬಿಸಬೇಕು.

ಕರೆಂಟ್ ಹೋಗೋದರಿಂದ ಒಂದು ಲಾಭವೂ ಇದೆ. ಕೆ3ಎಸ್ ಸರ್ಟಿಫಿಕೇಟಿಗೆ ಒಂದೇ ವರ್ಷ ಆಯಸ್ಸು. ಮುಗಿಯೋ ಹತ್ತಿರ ಬಂದಿದ್ದರೆ ರೀಸ್ಟಾರ್ಟ್ ಆದಾಗ ತಾನೇ ಹೊಸದು ಮಾಡಿಕೊಳ್ಳುತ್ತದೆ. ದೊಡ್ಡ ಊರಿನವರು ವರ್ಷಗಟ್ಟಲೆ ರೀಸ್ಟಾರ್ಟ್ ಮಾಡದೆ ಸಿಕ್ಕಿಬೀಳುತ್ತಾರೆ. ನಮಗೆ ಆ ಭಯ ಇಲ್ಲ.

ಬೆಣ್ಣೆ_ಬೈಟ್ · 6:41

ಇದನ್ನು ಊರಿನ ಹೆಗ್ಗಳಿಕೆ ಪಟ್ಟಿಗೆ ಸೇರಿಸಬೇಕು.

ಮಂಡಕ್ಕಿ_ಮಿರ್ಚಿ · 8:50

ಸ್ಕ್ರಿಪ್ಟ್ ಬರೆದೆ. ಹಳೇ ರೂಟರ್ ಅಡುಗೆಮನೆ ಪ್ಲಗ್ಗಿಗೆ ಹಾಕಿದ್ದೇನೆ, ಮಿಕ್ಸಿ ಪಕ್ಕ. ಫೋಟೋ ಹೊರಗಿನ ಡಿಸ್ಕಿಗೆ ಹೋಗುತ್ತಿದೆ, ಅರ್ಧ ಆಗಿದೆ. ನಾಳೆ ಮೇನ್ ಆಫ್ ಮಾಡಿ ಟೆಸ್ಟ್ ಮಾಡ

ಫೈನಲ್_ಇಯರ್ · 9:02

ಅಣ್ಣ? ಪೂರ್ತಿ ಬರಲಿಲ್ಲ ಮೆಸೇಜು.

ವೈರಿಂಗ್_ಮೇಸ್ತ್ರಿ · 9:04

ವಿದ್ಯಾನಗರ ಕಡೆ ಕರೆಂಟ್ ಹೋಗಿದೆ.

ಮಂಡಕ್ಕಿ_ಮಿರ್ಚಿ · 10:20

ಹದಿನೈದು ನಿಮಿಷಕ್ಕೆ ಸರಿಯಾಗಿ ಒಂದೊಂದೇ ಮಲಗಿದವು. ಕರೆಂಟ್ ಬಂದ ಮೇಲೆ ಬಟನ್ ಒತ್ತಿ ಮೂರನ್ನೂ ಎಬ್ಬಿಸಿದೆ. ಡಿಸ್ಕ್ ಕಾಪಿ ಮತ್ತೆ ಶುರು ಮಾಡಿದ್ದೇನೆ, ಜಾತ್ರೆ ಫೋಟೋ ಅಮ್ಮನಿಗೆ ಕಾಣುತ್ತಿದೆ. ಮೇಸ್ತ್ರಿಗಳೇ, ರೂಟರಿಗೆ ಆ 12 ವೋಲ್ಟಿನ ಯುಪಿಎಸ್ ಎಲ್ಲಿ ಸಿಗುತ್ತದೆ? ಅದರ ಇಂಟರ್ನೆಟ್ ಒಂದು ಇನ್ನೂ ಎದ್ದಿಲ್ಲ. ಫೋನ್ ಡೇಟಾದಿಂದ ಬರೆಯುತ್ತಿದ್ದೇನೆ.